‘ರಿಕರೆನ್ಸ್’ಗೆ ಮರುಕಳಿಕೆಯೋ ಮರುಹುಟ್ಟೋ? (ಸೋಮವಾರ ಅಚ್ಚಿಗೆ)

ಮಾನ್ಯರೇ,

ಬಾಯಿಯ ಕ್ಯಾನ್ಸರಿಗೆ ಒಮ್ಮೆ ಚಿಕಿತ್ಸೆ ಮುಗಿದು, ಅದು ಮತ್ತೆ ಕಾಣಿಸಿಕೊಂಡು, ಎರಡನೆಯ ಸಲ ಶಸ್ತ್ರಚಿಕಿತ್ಸೆಯಾದವರು ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಅವರ ಕೈಗೆ ಕೊಡುವ ನಾಲ್ಕು ಪುಟಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ರಾಗಿ ಗಂಜಿಯನ್ನು ಸೋಸಿ ಮೂಗಿನ ನಳಿಕೆಯಲ್ಲಿ ಬಿಡುವುದು, ಎದೆಯಿಂದ ತಂದು ಕೆನ್ನೆಗೆ ಹೊಲಿದ ಮಾಂಸ ಕಪ್ಪಿಟ್ಟರೆ ತಡಮಾಡದೆ ಆಸ್ಪತ್ರೆಗೆ ಬರುವುದು, ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ವೈದ್ಯರು ಹೇಳಿದಂತೆ ಒಂದೊಂದನ್ನೇ ಹೆಚ್ಚಿಸುತ್ತ ಬಾಯಿ ತೆರೆಯುವುದು, ಇವೆಲ್ಲ ಸಲೀಸಾಗಿಯೇ ಕನ್ನಡಕ್ಕೆ ಬಂದವು. ತೊಡಕಾಗಿರುವುದು ಎರಡು ಪದಗಳು.

ಮೊದಲನೆಯದು ‘ರಿಕರೆನ್ಸ್’, ಅಂದರೆ ಚಿಕಿತ್ಸೆಯ ನಂತರ ರೋಗ ಮತ್ತೆ ಕಾಣಿಸಿಕೊಳ್ಳುವುದು. ‘ಪುನರಾವರ್ತನೆ’ ಎಂದು ಬರೆದಿದ್ದೆ. ಕರಡನ್ನು ಓದಿದ ರೋಗಿಯೊಬ್ಬರ ಮಗಳು “ಇದು ಪರೀಕ್ಷೆಗೆ ಓದಿದ ಹಾಗಾಯಿತಲ್ಲ” ಎಂದರು. ವಾರ್ಡಿನಲ್ಲಿ ಜನ ಹೇಳುವುದು ‘ತಿರುಗಿ ಬಂತು’, ‘ಗಡ್ಡೆ ಮತ್ತೆ ಎದ್ದಿದೆ’ ಎಂದು. ‘ಮರುಕಳಿಕೆ’ ಎನ್ನಬಹುದೇ? ಎರಡನೆಯದು ‘ಸಾಲ್ವೇಜ್ ಸರ್ಜರಿ’. ವಿಕಿರಣ ಚಿಕಿತ್ಸೆಯಂಥ ಮೊದಲ ಚಿಕಿತ್ಸೆಯ ನಂತರವೂ ರೋಗ ಉಳಿದಾಗ ಅಥವಾ ಮರಳಿದಾಗ, ಗುಣಪಡಿಸುವ ಉದ್ದೇಶದಿಂದಲೇ ಮಾಡುವ ಶಸ್ತ್ರಚಿಕಿತ್ಸೆ ಇದು. ‘ರಕ್ಷಣಾ ಶಸ್ತ್ರಚಿಕಿತ್ಸೆ’ ಎಂದರೆ ಸೈನ್ಯದ ನೆನಪಾಗುತ್ತದೆ. ದಯವಿಟ್ಟು ಭಾನುವಾರದೊಳಗೆ ತಿಳಿಸಿ.

ಉತ್ತರ 1

ಶಸ್ತ್ರಚಿಕಿತ್ಸೆ, ವಿಕಿರಣ ಎಂಬ ಸಂಸ್ಕೃತ ಪದಗಳನ್ನು ಹಾಗೆಯೇ ಇಟ್ಟುಕೊಂಡು ಒಂದು ಪದವನ್ನು ಮಾತ್ರ ಕನ್ನಡದಲ್ಲಿ ಕೇಳುವುದರಲ್ಲಿ ಹುರುಳಿಲ್ಲ. ಕ್ಯಾನ್ಸರಿಗೆ ‘ಏಡಿಹುಣ್ಣು’ ಇದೆ. ಗ್ರೀಕರ ಕಾರ್ಕಿನೊಸ್ ಎಂಬುದೂ ಏಡಿಯೇ. ಅದು ತಿರುಗಿ ಬಂದರೆ ‘ಮರುಹುಟ್ಟು’. ‘ಮರುಕಳಿಕೆ’ ಕೂಡದು. ಕಲಿಸು ಎಂಬುದರಿಂದ ‘ಇಸು’ ಒಟ್ಟನ್ನು (ಪ್ರತ್ಯಯವನ್ನು) ತೆಗೆದರೆ ‘ಕಲಿ’ ಉಳಿಯುತ್ತದೆ, ‘ಕಲಿಕೆ’ ಆಗುತ್ತದೆ. ಮರುಕಳಿಸು ಎಂಬುದರಿಂದ ತೆಗೆದರೆ ಉಳಿಯುವ ‘ಮರುಕಳಿ’ ಎಂಬ ಎಸಕಪದವನ್ನು (ಕ್ರಿಯಾಪದವನ್ನು) ಯಾರ ಬಾಯಲ್ಲಿ ಕೇಳಿದ್ದೀರಿ? ಅಲ್ಲದೆ ಈ ‘ಮರು’ ಮೊದಲಿಗೆ ‘ಮಱು’ ಆಗಿತ್ತು. ಹಳಗನ್ನಡದ ಱ ಅಕ್ಷರವನ್ನು ಬಿಟ್ಟಂದಿನಿಂದ ಇಂತಹ ಗೊಂದಲಗಳು ತಪ್ಪಿಲ್ಲ. ಸಾಲ್ವೇಜಿಗೆ ‘ಉಳಿಸುಕೊಯ್ತ’ ಸಾಕು.

ಉತ್ತರ 2

‘ಉಳಿಸುಕೊಯ್ತ’ವನ್ನು ಓದಿದ ರೋಗಿ ಕೈಪಿಡಿಯನ್ನು ಮಡಿಸಿಡುತ್ತಾನೆ, ಅಷ್ಟೆ. ಸುಶ್ರುತಸಂಹಿತೆಯಲ್ಲಿ ಈ ವಿಷಯಕ್ಕೆ ಪದಗಳಿಗೆ ಬರವಿಲ್ಲ. ಮೊದಲಿದ್ದ ಅರ್ಬುದದ (ಗಡ್ಡೆಯ) ಮೇಲೆ ಇನ್ನೊಂದು ಹುಟ್ಟಿದರೆ ಅದು ಅಧ್ಯರ್ಬುದ. ಒಟ್ಟಿಗೇ ಆಗಲಿ, ಒಂದಾದ ಮೇಲೊಂದಾಗಲಿ ಜೋಡಿಯಾಗಿ ಹುಟ್ಟಿದರೆ ದ್ವಿರರ್ಬುದ. ದೋಷವನ್ನು ಉಳಿಸಿ ತೆಗೆದ ಅರ್ಬುದಗಳು ಬೇಗನೆ ‘ಪುನರ್ಭವಂತಿ’, ಉಳಿದ ಬೆಂಕಿಯಂತೆ ಕೊಲ್ಲುತ್ತವೆ ಎಂದು ಅಲ್ಲಿಯ ಚಿಕಿತ್ಸಾಸ್ಥಾನ ಹೇಳುತ್ತದೆ. ಆದುದರಿಂದ ‘ಪುನರ್ಭವ’ ಎನ್ನಿ. ಅಚ್ಚಗನ್ನಡದವರ ‘ಮರುಹುಟ್ಟು’ ಎಂಬುದು ಪುನರ್ಜನ್ಮದ ಪಡಿಯಚ್ಚು. ಎರವಲನ್ನು ಬಚ್ಚಿಟ್ಟ ಮಾತ್ರಕ್ಕೆ ಅದು ಸ್ವಂತದ್ದಾಗುವುದಿಲ್ಲ.

ಕೇಳಿದವಳಿಂದ

ಇಬ್ಬರಿಗೂ ವಂದನೆಗಳು. ಆದರೆ ಮರುಹುಟ್ಟು, ಪುನರ್ಭವ ಎರಡನ್ನೂ ಒಂದೇ ಕಾರಣಕ್ಕೆ ಬಿಡುತ್ತಿದ್ದೇನೆ. ಹನ್ನೊಂದು ಗಂಟೆಯ ಶಸ್ತ್ರಚಿಕಿತ್ಸೆಯಾಗಿ ಕಣ್ಣು ಬಿಟ್ಟವರ ಮಂಚದ ಪಕ್ಕದಲ್ಲಿ ನಿಂತು ನಮ್ಮ ಜನ ಹೇಳುವ ಮೊದಲ ಮಾತೇ “ನಿಮಗಿದು ಮರುಹುಟ್ಟು” ಎಂಬುದು. ಬದುಕಿ ಬಂದವರಿಗೆ ಸಲ್ಲುವ ಆ ಮಾತನ್ನು ಅವರ ಕೆನ್ನೆಯೊಳಗಿನ ಗಡ್ಡೆಗೆ ಕೊಡಲು ನನ್ನ ಕೈ ಬರುವುದಿಲ್ಲ. ಅಧ್ಯರ್ಬುದವೂ ಇಲ್ಲಿ ಪೂರ್ತಿಯಾಗಿ ಹೊಂದುವುದಿಲ್ಲ. ಚಿಕಿತ್ಸೆಯ ನಂತರವೂ ಉಳಿದದ್ದು, ಹೋಗಿ ಮರಳಿದ್ದು, ತಂಬಾಕಿನಿಂದ ಕೆಟ್ಟ ಅದೇ ಬಾಯಿಯಲ್ಲಿ ಬೇರೊಂದು ಕಡೆ ಹೊಸದಾಗಿ ಹುಟ್ಟಿದ್ದು, ಈ ಮೂರನ್ನೂ ವೈದ್ಯರು ಬೇರೆಬೇರೆಯಾಗಿ ಎಣಿಸುತ್ತಾರೆ.

‘ಮರುಕಳಿಕೆ’ಯ ಬಗ್ಗೆ ಎತ್ತಿದ ಆಕ್ಷೇಪ ಸರಿಯಿದೆ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ನಾಮಪದದ ಹಂಗೇ ಬೇಡವೆಂದು ಕ್ರಿಯಾಪದವನ್ನಷ್ಟೇ ಬಳಸುತ್ತೇನೆ: “ಕ್ಯಾನ್ಸರು ಮರುಕಳಿಸಿದೆಯೇ ಎಂದು ತಿಳಿಯಲು, ನೋವಿಲ್ಲದಿದ್ದರೂ ಹೇಳಿದ ದಿನ ಬಂದು ತೋರಿಸಿಕೊಳ್ಳಿ.” ಜ್ವರ ಮರುಕಳಿಸಿತು ಎನ್ನುವುದು ಎಲ್ಲ ಮನೆಗಳಲ್ಲೂ ಇರುವ ಮಾತು, ಅದರಲ್ಲಿ ರೋಗಿಯ ತಪ್ಪಿನ ಸುಳಿವೂ ಇಲ್ಲ.

ಸಾಲ್ವೇಜಿಗೆ ‘ಉಳಿಸುವ ಶಸ್ತ್ರಚಿಕಿತ್ಸೆ’ ಎಂಬುದನ್ನು ನಾನೂ ಯೋಚಿಸಿದ್ದೆ. ಓದಿದವರು ದವಡೆಯನ್ನು ಉಳಿಸುತ್ತಾರೆ ಎಂದುಕೊಳ್ಳುತ್ತಾರೆ. ಅನೇಕರಿಗೆ ತೆಗೆದಿರುವುದು ಅದನ್ನೇ. ಹಾಗಾಗಿ ‘ಮರುಕಳಿಸಿದ ಕ್ಯಾನ್ಸರನ್ನು ತೆಗೆಯುವ ಶಸ್ತ್ರಚಿಕಿತ್ಸೆ’ ಎಂದು ಉದ್ದವಾಗಿಯೇ ಬರೆದಿದ್ದೇನೆ. ರೋಗ ಹೋಗದೆ ಉಳಿದಿದ್ದವರ ಪುಟದಲ್ಲಿ ‘ಉಳಿದ’ ಎಂದಿದೆ. ಒಂದು ಸಾಲು ಹೆಚ್ಚಾಗಿ ಮೂರನೆಯ ಪುಟ ತುಂಬಿ ಹೋಗಿದೆ, ಅದನ್ನು ಎಲ್ಲಿ ಮೊಟಕುಗೊಳಿಸಬಹುದೆಂದು ನಾಳೆ ಸಂಜೆಯೊಳಗೆ ಯಾರಾದರೂ ನೋಡಿಕೊಟ್ಟರೆ ಉಪಕಾರವಾಗುತ್ತದೆ. ಱಕಾರದ ಚರ್ಚೆಯನ್ನು ಬೇರೆ ಶೀರ್ಷಿಕೆಯಲ್ಲಿ ಮುಂದುವರಿಸಬೇಕೆಂದು ವಿನಂತಿ.