ಕುರಿಗೂ ಮೇಕೆಗೂ ಜಂತುಹುಳು ಔಷಧಿ ಡೋಸ್ ಒಂದೇನಾ?

ಹಟ್ಟಿಮನೆ:
ನಮ್ಮಲ್ಲಿ ಬಂಡೂರು ಕುರಿ, ಮೇಕೆ ಎರಡೂ ಒಂದೇ ಕೊಟ್ಟಿಗೇಲಿ ಇವೆ. ಮಳೆ ಶುರುವಾದ್ಮೇಲೆ ಎಲ್ಲಕ್ಕೂ ಆಲ್ಬೆಂಡಜೋಲ್ ಕುಡಿಸಿದ್ವಿ, ತೂಕ ನೋಡೇ ಕೆಜಿಗೆ 7.5 ಮಿಗ್ರಾಂ ಲೆಕ್ಕದಲ್ಲಿ. ಕುರಿಗಳು ಚೇತರಿಸ್ಕೊಂಡ್ವು, ಮೇಕೆಗಳು ಮಾತ್ರ ಹಂಗೇ ಇವೆ, ಕಣ್ಣಿನ ರೆಪ್ಪೆ ಒಳಗೆ ಬಿಳಿಚ್ಕೊಂಡಿದೆ, ಒಂದಕ್ಕೆ ದವಡೆ ಕೆಳಗೆ ನೀರು ತುಂಬ್ದಂಗೆ ಊದಿದೆ. ಔಷಧಿನೇ ಡೂಪ್ಲಿಕೇಟ್ ಇರ್ಬಹುದಾ?

ಪಶುವೈದ್ಯೆ_ಮಂಡ್ಯ:
ಅದೇ ಬಾಟಲಿ ಕುರಿಗೆ ಕೆಲ್ಸ ಮಾಡಿದೆ ಅಂದ್ರೆ ಔಷಧಿ ಮೇಲೆ ಅನುಮಾನ ಆಮೇಲೆ ಪಡೋಣ ಸರ್. ಮೇಕೆ ಅಂದ್ರೆ ಸಣ್ಣ ಕುರಿ ಅಲ್ಲ. ಆಲ್ಬೆಂಡಜೋಲ್ ಲಿವರ್‌ಗೆ ಹೋದ್ಮೇಲೆ ಮೊದ್ಲು ಸಲ್ಫಾಕ್ಸೈಡ್ ಆಗುತ್ತೆ, ಹುಳ ಕೊಲ್ಲೋದು ಮುಖ್ಯವಾಗಿ ಅದು, ಆಮೇಲೆ ಸಲ್ಫೋನ್ ಆಗುತ್ತೆ, ಅದಕ್ಕೆ ಹುಳದ ಮೇಲೆ ಶಕ್ತಿ ಇಲ್ಲ. ಮೇಕೆ ಲಿವರ್ ಈ ಎರಡನೇ ಕೆಲ್ಸ ಕುರಿಗಿಂತ ಬೇಗ ಮುಗಿಸಿಬಿಡುತ್ತೆ. ಈ ಜಾತಿ ಔಷಧಿಗೆ ಹುಳ ಸಾಯ್ಬೇಕಂದ್ರೆ ಅದು ಮೈಯಲ್ಲಿ ಸಾಕಷ್ಟು ಹೊತ್ತು ಇರ್ಬೇಕು, ಅದಕ್ಕೇ ಮೇಕೆಗೆ ಸಾಮಾನ್ಯವಾಗಿ ಕುರಿಯ ಎರಡರಷ್ಟು ಡೋಸ್ ಹೇಳ್ತೀವಿ. ಕಮ್ಮಿ ಡೋಸ್ ಕೊಡ್ತಾ ಹೋದ್ರೆ ಗಟ್ಟಿ ಹುಳಗಳು ಉಳ್ಕೊಂಡು ಅವುಗಳ ಸಂತಾನನೇ ಹೆಚ್ಚುತ್ತೆ, ಆಮೇಲೆ ನಿಮ್ಮ ಕುರಿಗೂ ಆ ಔಷಧಿ ನಾಟಲ್ಲ.

ಕುರಿಗಾಹಿ_ಶಿರಾ:
ಕುಡಿಸೋ ರೀತಿನೂ ನೋಡಿ ಅಣ್ಣ. ಔಷಧಿ ನಾಲಿಗೆ ಹಿಂಭಾಗಕ್ಕೆ ಬೀಳ್ಬೇಕು, ಬಾಯಿ ಮುಂದೆನೇ ಬಿಟ್ರೆ ಕೆಲವೊಮ್ಮೆ ದೊಡ್ಡ ಹೊಟ್ಟೆಗೆ ಹೋಗ್ದೆ ಸೀದಾ ಕೊನೇ ಹೊಟ್ಟೆಗೆ ಇಳಿದು ಬೇಗ ದಾಟ್ಹೋಗುತ್ತೆ. ದೊಡ್ಡ ಹೊಟ್ಟೇಲಿ ನಿಂತ್ರೆ ನಿಧಾನಕ್ಕೆ ಇಳೀತಾ ಇರುತ್ತೆ. ನಾವು ಹಿಂದಿನ ರಾತ್ರಿ ಮೇವು ಹಾಕಲ್ಲ, ನೀರು ಮಾತ್ರ ಇಡ್ತೀವಿ, ಹೊಟ್ಟೆ ಖಾಲಿ ಇದ್ರೆ ಔಷಧಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತೆ. ಗಬ್ಬದವು, ಸೊರಗಿದವನ್ನ ಉಪವಾಸ ಕೆಡವಬೇಡಿ.

ಹಟ್ಟಿಮನೆ:
ಹಂಗಾದ್ರೆ ಇನ್ನೊಂದು ಜಂತುಹುಳು ಔಷಧಿ ಲೆವಾಮಿಸೋಲ್ ಕೂಡ ಡಬಲ್ ಕೊಡ್ಬಹುದಾ ಮೇಡಂ?

ಪಶುವೈದ್ಯೆ_ಮಂಡ್ಯ:
ಬೇಡವೇ ಬೇಡ! ಅದು ಕುರಿ ಡೋಸ್‌ನ ಸುಮಾರು ಒಂದೂವರೆಯಷ್ಟು, ಅಂದ್ರೆ ಕೆಜಿಗೆ 12 ಮಿಗ್ರಾಂ ಆಸುಪಾಸು, ಅದೂ ತಕ್ಕಡೀಲಿ ತೂಗಿ. ಸ್ವಲ್ಪ ಜಾಸ್ತಿಯಾದ್ರೂ ಜೊಲ್ಲು, ನಡುಕ ಶುರುವಾಗುತ್ತೆ. ಆಲ್ಬೆಂಡಜೋಲ್‌ನ ಗಬ್ಬದ ಮೊದಲ ತಿಂಗಳಲ್ಲಿ ಕೊಡ್ಬೇಡಿ, ಮರಿಗೆ ಅಂಗದೋಷ ಬರ್ಬಹುದು. ಡೋಸ್ ಹೆಚ್ಚಿಸಿದ್ರೆ ಹಾಲು, ಮಾಂಸ ಬಳಸದೆ ಬಿಡೋ ದಿನಾನೂ ಹೆಚ್ಚುತ್ತೆ, ಲೇಬಲ್ ಮೇಲಿರೋ ಲೆಕ್ಕ ಸಾಲಲ್ಲ, ಬರ್ಕೊಡೋ ಡಾಕ್ಟರ್ ಹತ್ರನೇ ಕೇಳ್ಕೊಳಿ. ದವಡೆ ಊದಿರೋದನ್ನ ಇವತ್ತೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ, ಅದಕ್ಕೆ ರಕ್ತ ತುಂಬಾ ಇಳಿದಿದೆ. ಹೋಗುವಾಗ ಹಿಕ್ಕೇನೂ ತಗೊಂಡ್ಹೋಗಿ, ಔಷಧಿ ಕೊಟ್ಟು ಎರಡು ವಾರಕ್ಕೆ ಮತ್ತೆ ಟೆಸ್ಟ್ ಮಾಡ್ಸಿ, ಹಿಕ್ಕೇಲಿ ಹುಳದ ಮೊಟ್ಟೆ ಕಮ್ಮಿಯಾಗಿಲ್ಲ ಅಂದ್ರೆ ಔಷಧಿನೇ ಬದಲಾಯಿಸ್ಬೇಕಾಗುತ್ತೆ.