ಸಹಾಯ ಬೇಕು: ಬ್ಲ್ಯಾಕ್ ಪೌಡರ್ ರಿವಾಲ್ವರ್‌ನ ಚೇಂಬರ್ (ಮದ್ದು, ಗುಂಡು ತುಂಬುವ ತೂತು) ರೀಮ್ ಮಾಡಿಸಬೇಕಾ, ಅಂದರೆ ಕೊರೆದು ಅಗಲ ಮಾಡಿಸಬೇಕಾ?

ನನ್ನ ಹತ್ತಿರ 1858ರ ರೆಮಿಂಗ್ಟನ್ ಮಾದರಿಯ 44 ಕ್ಯಾಲಿಬರ್ ರಿವಾಲ್ವರ್ ಇದೆ. ನಕಲು ತಯಾರಿಕೆ, ಸೆಕೆಂಡ್ ಹ್ಯಾಂಡ್. ಕಾಗದದ ಗುರಿಗೆ ಮಾತ್ರ, 25 ಮೀಟರ್ ದೂರದಿಂದ ಹೊಡೆಯುತ್ತೇನೆ. ಹಿಂದಿನ ಮಾಲೀಕರು ಟ್ರಿಗರ್ ಹಗುರ ಮಾಡಿಸಿ, ಮುಂದೆ ಗುರಿ ನೋಡುವ ಸೈಟ್ ಎತ್ತರದ್ದು ಹಾಕಿಸಿದ್ದರು. ಅದರಿಂದ ಗುಂಡು ಗುರಿಗಿಂತ ಕೆಳಗೆ ಬೀಳುತ್ತಿತ್ತು. ಸೈಟನ್ನು ಸ್ವಲ್ಪ ಸ್ವಲ್ಪವೇ ಅರದಿಂದ ಉಜ್ಜಿದೆ, ಎತ್ತರ ಸರಿಹೋಯಿತು.

ತಲೆನೋವು ಬೇರೆ ಇದೆ. ಐದು ಗುಂಡು ಒಂದೆಡೆ ಬಿದ್ದರೆ ಉಳಿದ ಒಂದು ಎತ್ತಲೋ ಹೋಗುತ್ತದೆ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ. ಆಮೇಲೆ ಚೇಂಬರ್‌ಗಳಿಗೆ ನಂಬರ್ ಹಾಕಿ, ಒಂದೊಂದಕ್ಕೂ ಬೇರೆ ಕಾಗದ ಇಟ್ಟು ನೋಡಿದೆ. ಪ್ರತಿ ಸಲವೂ ನಾಲ್ಕನೆಯದೇ ಕಳ್ಳ!

ಅಳತೆ ತೆಗೆದಾಗ ಚೇಂಬರ್ ಬಾಯಿ 11.33 ಮಿ.ಮೀ., ಬ್ಯಾರೆಲ್‌ನ ಗ್ರೂವ್ (ನಳಿಕೆಯೊಳಗಿನ ಸುರುಳಿ ಗೀರು) 11.48 ಮಿ.ಮೀ. ಬಂತು. ಅಂದರೆ 11.53ರ ಸೀಸದ ಗುಂಡು ತುಂಬುವಾಗಲೇ ಸವೆದು ಸಣ್ಣದಾಗುತ್ತದೆ, ಆಮೇಲೆ ಗ್ರೂವ್ ತುಂಬುವುದಿಲ್ಲ. ಆರೂ ಚೇಂಬರ್ ರೀಮ್ ಮಾಡಿಸಿದರೆ ನಾಲ್ಕನೆಯದೂ ದಾರಿಗೆ ಬರುತ್ತದಾ? ಇಲ್ಲಾ ಅದು ಬ್ಯಾರೆಲ್‌ಗೆ ನೇರವಾಗಿ ನಿಲ್ಲದಿರುವುದೇ ಕಾರಣವಾ? ಹಾಗಿದ್ದರೆ ರೀಮ್ ಮಾಡಿಸಿದ್ದು ಸುಮ್ನೆ ವ್ಯರ್ಥ, ಅಲ್ವಾ?

ಇನ್ನೊಂದು ವಿಷಯ. ಹ್ಯಾಮರ್ (ಹೊಡೆಯುವ ಸುತ್ತಿಗೆ) ಒಮ್ಮೆ ಹಾಫ್ ಕಾಕ್‌ನಿಂದ, ಅಂದರೆ ಅರ್ಧ ಎಳೆದು ನಿಲ್ಲಿಸಿದ ಜಾಗದಿಂದ ಜಾರಿತು, ಆಗ ಗುಂಡು ತುಂಬಿರಲಿಲ್ಲ. ಟ್ರಿಗರ್ ಜಾಸ್ತಿ ಉಜ್ಜಿದ್ದಾರೆ ಅನ್ನಿಸುತ್ತದೆ. ಅದು ರಿಪೇರಿಯಾಗುವವರೆಗೆ ನಾನಂತೂ ಹೊಡೆಯುವುದಿಲ್ಲ. ಹ್ಯಾಮರ್, ಟ್ರಿಗರ್ ಎರಡೂ ಹೊಸದು ಹಾಕಿಸಬೇಕಾ? ಈ ಕೆಲಸ ಮಾಡಿಸಿದವರು ದಯವಿಟ್ಟು ತಿಳಿಸಿ.