ಸಹಾಯ ಬೇಕು: ಬೋರ್‌ವೆಲ್ ನೀರು, ಕಪ್ಪು ಕಾರು, ಬಿಳಿ ಕಲೆಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ಕಪ್ಪು ಬಣ್ಣದ ಕಾರು. ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ನಮಗೆ ತೊಳೆಯಲು ಸಿಗುವುದು ಬೋರ್‌ವೆಲ್‌ನ ಗಡಸು ನೀರು ಮಾತ್ರ. ನೀರು ಆರಿದಾಗ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಉಳಿದು ಬಾನೆಟ್ ತುಂಬ ಬಿಳಿ ಉಂಗುರಗಳಾಗುತ್ತವೆ. ಅದಕ್ಕಾಗಿಯೇ ಬಿಸಿಲೇರುವ ಮೊದಲು, ನೆರಳಿನಲ್ಲಿ ನಿಲ್ಲಿಸಿ, ಮೇಲಿನಿಂದ ಕೆಳಕ್ಕೆ ಒಂದೊಂದೇ ಭಾಗ ತೊಳೆದು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುತ್ತೇನೆ.

ನಿಜವಾದ ತಲೆನೋವು ಸಂದುಗಳದು. ಎಲ್ಲ ಒರೆಸಿ ಮುಗಿಸಿದ ಮೇಲೂ ಪಕ್ಕದ ಕನ್ನಡಿಯ ಅಡಿಯಿಂದ, ಬಾಗಿಲ ಹಿಡಿಯ ಹಿಂದಿನಿಂದ, ನಂಬರ್ ಪ್ಲೇಟಿನ ಮೇಲಂಚಿನಿಂದ ನೀರು ಸಣ್ಣಗೆ ಜಿನುಗುತ್ತಲೇ ಇರುತ್ತದೆ. ಮಧ್ಯಾಹ್ನ ನೋಡಿದರೆ ಬಾಗಿಲಿನ ಉದ್ದಕ್ಕೂ ಸುಣ್ಣದ ಗೆರೆ.

ಅನುಭವಸ್ಥರು ದಯವಿಟ್ಟು ತಿಳಿಸಿ. ಸಂದಿನ ನೀರು ಹೊರಹಾಕಲು ಚಿಕ್ಕ ಬ್ಲೋವರ್ ಕೊಂಡರೆ ಹಣ ಸಾರ್ಥಕವೇ? ಕೊನೆಯ ಸಲ ತೊಳೆಯುವಾಗ ಆರ್‌ಓ ನೀರು (ಶುದ್ಧೀಕರಣ ಯಂತ್ರದಲ್ಲಿ ಲವಣ ತೆಗೆದ ನೀರು) ಸುರಿಯಿರಿ ಎನ್ನುತ್ತಾರೆ. ಕುಡಿಯುವ ನೀರನ್ನು ಕಾರಿಗೆ ಚೆಲ್ಲಲು ನನಗೆ ಮನಸ್ಸಿಲ್ಲ. 2024ರ ಬೇಸಿಗೆಯಲ್ಲಿ ಜಲಮಂಡಳಿ ಇದಕ್ಕೆ 5,000 ರೂಪಾಯಿ ದಂಡವನ್ನೇ ವಿಧಿಸಿತ್ತು. ಆರ್‌ಓ ಯಂತ್ರ ಹೊರಬಿಡುವ ತ್ಯಾಜ್ಯ ನೀರಂತೂ ಬೇಡವೇ ಬೇಡ, ಅದರಲ್ಲಿ ಲವಣ ಇನ್ನೂ ಹೆಚ್ಚು. ಮಳೆನೀರನ್ನು ಹಿಡಿದಿಟ್ಟು, ಸೋಸಿ ಬಳಸುವವರು ಯಾರಾದರೂ ಇದ್ದೀರಾ? ಕಲೆ ಬೀಳುವುದು ನಿಂತಿತೇ?

ಇನ್ನೊಂದು ಪ್ರಶ್ನೆ. ಈಗಾಗಲೇ ಗಟ್ಟಿಯಾಗಿ ಕೂತಿರುವ ಕಲೆಗಳಿಗೆ ವಿನೆಗರ್ ಬಳಸಿದವರು, ನೀರಿನೊಂದಿಗೆ ಯಾವ ಪ್ರಮಾಣದಲ್ಲಿ ಬೆರೆಸಿದಿರಿ, ಎಷ್ಟು ಹೊತ್ತು ಬಿಟ್ಟಿರಿ, ಬಣ್ಣದ ಹೊಳಪಿಗೆ ಏನಾದರೂ ತೊಂದರೆಯಾಯಿತೇ ಎಂಬುದನ್ನು ವಿವರವಾಗಿ ಬರೆಯಿರಿ.